ಆರು ತಿಂಗಳಿಗೊಮ್ಮೆ ಪೆಟ್ಟಿಗೆ ಎತ್ತಿದವರು

ಇವತ್ತಿನ ಮಾತು ಒಂದು ಮರದ ಪೆಟ್ಟಿಗೆಯಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸದ ಮೇಲೆ ನಾಲ್ಕು ತಿಂಗಳು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದೆ. ಆನ್‌ಸೈಟ್ ಅಂದ್ರೆ ನಿಮಗೆ ಗೊತ್ತೇ ಇದೆ. ವಾರವೆಲ್ಲ ಆಫೀಸು, ಭಾನುವಾರ ಬಂತು ಅಂದ್ರೆ ಏನು ಮಾಡ್ಬೇಕು ಅಂತ ತೋಚೋದಿಲ್ಲ. ಅಂಥದ್ದೊಂದು ಭಾನುವಾರ ಬಸ್ ಹತ್ತಿ ಮಿಂಟ್ಲಾ ಅನ್ನೋ ಊರಿಗೆ ಹೋದೆ. ಅಲ್ಲಿನ ಆಡೆನ್ ಪಾರ್ಕಿನಲ್ಲಿ ಹಳೇ ಜಮೀನ್ದಾರರ ಕಾಲದ ಅರ್ಧಚಂದ್ರದ ಆಕಾರದ ಕೊಟ್ಟಿಗೆ ಕಟ್ಟಡ ಇದೆ. ಅದನ್ನೀಗ ಕೃಷಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನೇಗಿಲು, ಕುಂಟೆ, ಕುದುರೆ ಸಾಮಾನು ಎಲ್ಲ ನೋಡ್ತಾ ಹೋದೆ. ವಾಪಸ್ ಬರೋವಾಗ ತಲೇಲಿ ಉಳಿದದ್ದು ಒಂದೇ ಪದ: ಕಿಸ್ಟ್. ಅಂದರೆ ಹೊಲದಾಳಿನ ಪೆಟ್ಟಿಗೆ. ಅವನ ಭಾನುವಾರದ ಬಟ್ಟೆ, ಕ್ಷೌರದ ಸಾಮಾನು, ಇದ್ದರೆ ಒಂದು ಪಿಟೀಲು, ಮನೆಯಿಂದ ಬಂದ ಕಾಗದ, ಉಳಿದ ನಾಲ್ಕು ಕಾಸು, ಎಲ್ಲ ಅದರಲ್ಲೇ. ಮಲಗೋ ಕೋಣೆಯಲ್ಲಿ ಕುರ್ಚಿಯೂ ಅದೇ, ಕಪಾಟೂ ಅದೇ. ಆರು ತಿಂಗಳಿಗೊಮ್ಮೆ ಅದು ಗಾಡಿ ಹತ್ತಿ ಇನ್ನೊಂದು ಜಮೀನಿಗೆ ಹೋಗ್ತಿತ್ತು.

ನಾನು 2006ರಲ್ಲಿ ಪುಣೆಗೆ ಬಂದಾಗ ತಂದದ್ದು ಅಪ್ಪನ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವರ ಹೆಸರು, ಊರು, ತಾಲ್ಲೂಕು. ಅದು ಐದು ಬಾಡಿಗೆ ಮನೆ ಕಂಡಿದೆ. ಹಾಗಾಗಿ ಆ ಪದ ಅಂಟಿಕೊಂಡಿತು ಅಂತ ಕಾಣುತ್ತೆ.

ವಿಕ್ಟೋರಿಯಾ ರಾಣಿಯ ಕಾಲದ (1837ರಿಂದ 1901) ಸ್ಕಾಟ್ಲೆಂಡ್ ಅಂದ ಕೂಡಲೇ ನಮಗೆ ನೆನಪಾಗೋದು ಬೆಟ್ಟ, ಕಿಲ್ಟು, ಒಕ್ಕಲೆಬ್ಬಿಸಿದ ಹೈಲ್ಯಾಂಡ್ ಹಳ್ಳಿಗಳು. ನಾನು ಹೇಳ್ತಿರೋದು ಈಶಾನ್ಯದ ಬಯಲು ಸೀಮೆಯ ಕಥೆ: ಅಬರ್ಡೀನ್‌ಶೈರ್, ಬ್ಯಾನ್ಫ್‌ಶೈರ್. ಇಲ್ಲಿ ಭೂಮಿ ದೊಡ್ಡ ಎಸ್ಟೇಟಿನವರದ್ದು. ರೈತ ಅಂತ ನಾವು ಕರೆಯೋನೂ ಗೇಣಿದಾರನೇ, ಸಾಮಾನ್ಯವಾಗಿ 19 ವರ್ಷದ ಗೇಣಿ ಕರಾರು. ಅವನ ಕೈಕೆಳಗೆ ಆಳುಗಳು.

1850ರಲ್ಲಿ ದಕ್ಷಿಣದಿಂದ ರೈಲು ಅಬರ್ಡೀನಿಗೆ ಬಂತು. ಅದಕ್ಕೂ ಮೊದಲು ಇಲ್ಲಿನ ದನಗಳು ನಡೆದುಕೊಂಡೋ ಹಡಗಿನಲ್ಲೋ ಲಂಡನ್ನಿಗೆ ಹೋಗಬೇಕಿತ್ತು. ರೈಲು ಬಂದಮೇಲೆ ದನ ಕೊಬ್ಬಿಸಿ ಮಾಂಸಕ್ಕೆ ಕಳಿಸೋದೇ ಈ ಸೀಮೆಯ ದೊಡ್ಡ ವ್ಯವಹಾರ ಆಯಿತು. ಟಿಲಿಫೋರ್ ಎಂಬಲ್ಲಿ ಕಪ್ಪು ಅಬರ್ಡೀನ್-ಆಂಗಸ್ ತಳಿ ಸಾಕಿ ಹೆಸರಾದ ವಿಲಿಯಂ ಮೆಕೋಂಬಿ 1868ರಲ್ಲಿ ಪಾರ್ಲಿಮೆಂಟಿಗೇ ಆರಿಸಿಬಂದ. ಸ್ಕಾಟ್ಲೆಂಡಿನಿಂದ ಹಾಗೆ ಹೋದ ಮೊದಲ ಗೇಣಿದಾರ ರೈತ ಅವನೇ. ಆದರೆ ದನ ಚಳಿಗಾಲದಲ್ಲಿ ಏನು ತಿನ್ನಬೇಕು? ಟರ್ನಿಪ್. ಜೂನಿನಲ್ಲಿ ಸಾಲುಸಾಲಿಗೂ ಗುದ್ದಲಿ ಹಿಡಿದು ಸಸಿ ತೆಳುವು ಮಾಡಬೇಕು. ಡಿಸೆಂಬರಿನಲ್ಲಿ ಹಿಮಗಟ್ಟಿದ ಮಣ್ಣಿನಿಂದ ಬರಿಗೈಲಿ ಕೀಳಬೇಕು. ಲಂಡನ್ನಿನ ಊಟದ ಮೇಜಿನ ಬೀಫ್ ಹಿಂದೆ ಯಾರದ್ದೋ ಒಡೆದ ಬೆರಳು ಇತ್ತು ಅನ್ನೋದು ಕಾವ್ಯ ಅಲ್ಲ, ಲೆಕ್ಕ.

ಈಗ ಮೂರು ಜೋಡಿ ಕುದುರೆಯ ಒಂದು ಜಮೀನಿನ ಮನೆ ನೋಡೋಣ. ರೈತ, ಅವನ ಹೆಂಡತಿ, ಮಕ್ಕಳು. ಕುದುರೆಯಾಳುಗಳು ಮೂವರು: ಮೊದಲನೆಯವ, ಎರಡನೆಯವ, ಮೂರನೆಯವ. ಇದು ಬರೀ ಎಣಿಕೆ ಅಲ್ಲ, ಪದವಿ. ದನ ನೋಡಿಕೊಳ್ಳೋನು ಬೇಲಿ. ಯಾವ ಕೆಲಸ ಬಂದರೂ ಮಾಡೋನು ಓರಾ ಮ್ಯಾನ್. ಹದಿಮೂರು ಹದಿನಾಲ್ಕರ ಹುಡುಗ ಒಬ್ಬ, ಅವನಿಗೆ ಲೂನ್ ಅಂತಾರೆ. ದೊಡ್ಡ ಜಮೀನಾದರೆ ಮೇಸ್ತ್ರಿ ಥರ ಒಬ್ಬ ಗ್ರೀವ್. ಮತ್ತೆ ಅಡುಗೆಮನೆಯ ಹುಡುಗಿ, ಅಲ್ಲಿನ ಮಾತಲ್ಲಿ ಕಿಚಿ ಡೀಮ್.

ಬೆಳಗ್ಗೆ ಐದಕ್ಕೆ ಎದ್ದು ಕುದುರೆಗೆ ಮೇವು. ಆರಕ್ಕೆ ನೇಗಿಲು ಕಟ್ಟಬೇಕು. ಹನ್ನೊಂದಕ್ಕೆ ಬಿಟ್ಟು ಎರಡು ಗಂಟೆ ವಿರಾಮ. ಅದು ಮನುಷ್ಯನಿಗಲ್ಲ, ಕುದುರೆಗೆ. ಮತ್ತೆ ಒಂದರಿಂದ ಆರರವರೆಗೆ. ರಾತ್ರಿ ಎಂಟಕ್ಕೆ ಇನ್ನೊಮ್ಮೆ ಲಾಯಕ್ಕೆ ಹೋಗಿ ಮೈ ಉಜ್ಜಿ ನೋಡಿ ಬರಬೇಕು. ಲಾಯದಿಂದ ಹೊರಡುವಾಗ ಮೊದಲನೆಯವನ ಜೋಡಿ ಮುಂದೆ, ಆಮೇಲೆ ಎರಡನೆಯವನದು, ಆಮೇಲೆ ಮೂರನೆಯವನದು. ಹೊಲದಲ್ಲಿ ಸಾಲು ಹೊಡೆಯೋದೂ ಅದೇ ಕ್ರಮ, ಊಟಕ್ಕೆ ಕೂರೋದೂ ಅದೇ ಕ್ರಮ. ನಮ್ಮ ಆಫೀಸಿನ ಬ್ಯಾಂಡು, ಗ್ರೇಡು ಇದರ ಮುಂದೆ ಏನೂ ಅಲ್ಲ ಬಿಡಿ.

ಮಲಗೋದು ಚಾಮರ್‌ನಲ್ಲಿ. ಲಾಯದ ಪಕ್ಕದಲ್ಲೋ ಮೇಲಟ್ಟದಲ್ಲೋ ಇರೋ ಕೋಣೆ ಅದು, ಎಷ್ಟೋ ಕಡೆ ಒಲೆಯೂ ಇಲ್ಲ. ಒಂದು ಮಂಚಕ್ಕೆ ಇಬ್ಬರು. ಹಾಸಿಗೆಯೊಳಗೆ ಕಾಳಿನ ಹೊಟ್ಟು. ಊಟ ರೈತನ ಅಡುಗೆಮನೆಯಲ್ಲಿ: ಓಟ್ಸ್ ಗಂಜಿ, ಓಟ್ಸ್ ರೊಟ್ಟಿ, ಕೇಲ್ ಸೊಪ್ಪು, ಆಲೂಗಡ್ಡೆ, ಹಾಲು. ಇನ್ನೂ ದಕ್ಷಿಣಕ್ಕೆ ಹೋದರೆ, ಆಂಗಸ್, ಪರ್ತ್‌ಶೈರ್ ಕಡೆ, ಆಳುಗಳು ಬಾಥಿ ಅನ್ನೋ ಪ್ರತ್ಯೇಕ ಕೊಠಡಿಯಲ್ಲಿ ಇದ್ದು ತಾವೇ ಬೇಯಿಸಿಕೊಳ್ಳಬೇಕಿತ್ತು. ಅವರಿಗೆ ಕೊಡ್ತಿದ್ದ ಪಡಿ ವಾರಕ್ಕೆ ಎರಡು ಪೆಕ್ ಓಟ್ಸ್ ಹಿಟ್ಟು, ನಮ್ಮ ಲೆಕ್ಕದಲ್ಲಿ ಸುಮಾರು 8 ಕಿಲೋ, ಜತೆಗೆ ದಿನಕ್ಕೆ ಒಂದು ಸ್ಕಾಟ್ಸ್ ಪೈಂಟ್ ಹಾಲು. ಬೇಯಿಸೋದು ಅಂದೆನಲ್ಲ, ಅದೂ ದೊಡ್ಡ ಮಾತೇ. ಮರದ ಬಟ್ಟಲಿಗೆ ಹಿಟ್ಟು, ಉಪ್ಪು ಹಾಕಿ, ಕುದಿಯೋ ನೀರು ಸುರಿದು, ಚಮಚದ ಹಿಡಿಯಲ್ಲಿ ಕಲಸಿ ತಿನ್ನೋದು. ಅದರ ಹೆಸರು ಬ್ರೋಸ್. ನಮ್ಮ ಕಡೆ ಹುರಿಹಿಟ್ಟು ಕಲಸ್ತಾರಲ್ಲ, ಹಾಗೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಮೂರು ಹೊತ್ತೂ.

ಇದನ್ನೆಲ್ಲ ಕೇಳಿದಾಗ ನಮ್ಮ ಬಾಯಿಗೆ ಬರೋ ಪದ ಜೀತ. ನನಗೂ ಹಾಗೇ ಅನ್ನಿಸಿತ್ತು. ಆದರೆ ಅಲ್ಲ. ಇವರು ಸಾಲಕ್ಕೆ ಸಿಕ್ಕಿಬಿದ್ದವರಲ್ಲ, ಇವರಿಗೆ ಒಂದು ಬಾಗಿಲು ಇತ್ತು. ಅದು ವರ್ಷಕ್ಕೆ ಎರಡೇ ಸಲ ತೆರೀತಿತ್ತು: ಮೇ ಕೊನೆಯಲ್ಲಿ, ನವೆಂಬರ್ ಕೊನೆಯಲ್ಲಿ.

ಆ ಹೊತ್ತಿಗೆ ಟರಿಫ್, ಹಂಟ್ಲಿ, ಎಲನ್ ಇಂಥ ಪೇಟೆಗಳಲ್ಲಿ ಆಳು ಗೊತ್ತುಮಾಡೋ ಸಂತೆ ನಡೀತಿತ್ತು. ಫೀಯಿಂಗ್ ಮಾರ್ಕೆಟ್ ಅಂತ. ಹುಡುಗರು ಬೀದಿಯಲ್ಲಿ ನಿಂತಿರ್ತಾರೆ. ರೈತ ಬಂದು ಮೇಲಿಂದ ಕೆಳಗೆ ನೋಡಿ, ಕೆಲಸಕ್ಕೆ ಬರ್ತೀಯಾ ಅಂತ ಕೇಳ್ತಾನೆ. ಎಷ್ಟು ಕೊಡ್ತೀರಿ, ಎಷ್ಟು ಬೇಕು, ಜಗ್ಗಾಟ. 1870ರ ದಶಕದಲ್ಲಿ ಒಳ್ಳೆ ಕುದುರೆಯಾಳಿಗೆ ಆರು ತಿಂಗಳಿಗೆ 12ರಿಂದ 16 ಪೌಂಡ್ ಆಸುಪಾಸು. ಹೆಂಗಸರಿಗೆ ಅದರ ಅರ್ಧ, ಕೆಲವೊಮ್ಮೆ ಇನ್ನೂ ಕಡಿಮೆ. ಮಾತು ಕುದುರಿದರೆ ರೈತ ಒಂದು ಶಿಲ್ಲಿಂಗ್ ಕೈಗಿಡ್ತಾನೆ. ಅದು ಆರ್ಲ್ಸ್. ಉತ್ತರ ಕರ್ನಾಟಕದಲ್ಲಿ ಸಂಚಕಾರ ಅಂತಾರಲ್ಲ, ಅದೇ. ಆ ಪದಕ್ಕೆ ನಮ್ಮಲ್ಲಿ ಕೇಡು ಅನ್ನೋ ಅರ್ಥವೂ ಇದೆ ನೋಡಿ, ಇಲ್ಲಿ ಎರಡೂ ಹೊಂದುತ್ತೆ. ಶಿಲ್ಲಿಂಗ್ ತಗೊಂಡು ಜತೆಗೆ ಒಂದು ಗುಟುಕು ವಿಸ್ಕಿ ಕುಡಿದರೆ ಆಯಿತು, ಕಾಗದ ಇಲ್ಲ, ಸಹಿ ಇಲ್ಲ, ಆರು ತಿಂಗಳು ಅವನ ಆಳು. ಸಂಬಳ ಕೊನೆಯಲ್ಲಿ ಒಟ್ಟಿಗೆ.

ಮಧ್ಯದಲ್ಲಿ ಬಿಟ್ಟು ಹೋದರೆ? ಇಲ್ಲಿ ಸ್ವಲ್ಪ ನಿಲ್ಲಬೇಕು. 1823ರ ಮಾಲೀಕ-ಸೇವಕ ಕಾಯಿದೆ ಪ್ರಕಾರ ಕರಾರು ಮುರಿದ ಆಳಿಗೆ ಮೂರು ತಿಂಗಳವರೆಗೆ ಜೈಲು. ಅದೇ ಕರಾರನ್ನು ಮಾಲೀಕ ಮುರಿದರೆ ಅದು ಸಿವಿಲ್ ವ್ಯಾಜ್ಯ, ಬೇಕಾದರೆ ಆಳು ಕೋರ್ಟಿಗೆ ಹೋಗಿ ಹಣ ಕೇಳಬಹುದು. ಒಂದೇ ತಪ್ಪು, ಒಬ್ಬನಿಗೆ ಜೈಲು, ಒಬ್ಬನಿಗೆ ಬಿಲ್ಲು. ಗ್ಲಾಸ್ಗೋದ ಕಾರ್ಮಿಕ ಮುಖಂಡರು ಇದರ ವಿರುದ್ಧ ಚಳವಳಿ ಮಾಡಿದ ಮೇಲೆ 1867ರಲ್ಲಿ ಕಾಯಿದೆ ಸ್ವಲ್ಪ ಸಡಿಲ ಆಯಿತು. ಪೂರ್ತಿ ಹೋದದ್ದು 1875ರಲ್ಲಿ. ನೋಟಿಸ್ ಪೀರಿಯಡ್ ಮೂರು ತಿಂಗಳು ಅಂತ ಒಂದು ಕಂಪನಿಯಲ್ಲಿ ನಾನು ಎಚ್‌ಆರ್ ಜತೆ ಜಗಳ ಆಡಿದ್ದೆ. ರಿಲೀವಿಂಗ್ ಲೆಟರ್ ಕೊಡಲ್ಲ ಅಂದಾಗ ಪ್ರಪಂಚವೇ ಮುಳುಗಿತು ಅನ್ನಿಸಿತ್ತು. ಇದನ್ನು ಓದಿದ ಮೇಲೆ ಸ್ವಲ್ಪ ನಾಚಿಕೆ ಆಯಿತು.

ಹಾಗಾಗಿ ಆರು ತಿಂಗಳು ಹಲ್ಲು ಕಚ್ಚಿಕೊಂಡು ಇರಬೇಕು. ಆದರೆ ಟರ್ಮ್ ದಿನ ಬಂತು ಅಂದ್ರೆ ಆಳು ರಾಜ. ಊಟ ಕೆಟ್ಟದ್ದಾ, ಹೊರಟ. ಕುದುರೆ ಸೊರಗಿದೆಯಾ, ಹೊರಟ. ಗ್ರೀವ್ ಬೈತಾನಾ, ಹೊರಟ. ಏನೂ ಕಾರಣ ಇಲ್ಲದಿದ್ದರೂ ಹೊರಟ. ಒಂದು ಜಮೀನಿನ ಆಳುಗಳೆಲ್ಲ ಒಟ್ಟಿಗೆ ಎದ್ದು ಹೋದರೆ ಅದಕ್ಕೊಂದು ಹೆಸರೇ ಇತ್ತು: ಕ್ಲೀನ್ ಟೂನ್. ಟೂನ್ ಅಂದರೆ ಅಲ್ಲಿ ಜಮೀನಿನ ಮನೆ, ಕೊಟ್ಟಿಗೆ ಎಲ್ಲ ಸೇರಿದ ವಠಾರ. ವಠಾರ ಗುಡಿಸಿ ಹಾಕಿದಂಗೆ ಖಾಲಿ. ಆ ರೈತನಿಗೆ ಸಂತೆಯಲ್ಲಿ ಮುಖ ಎತ್ತೋದು ಕಷ್ಟ ಆಗ್ತಿತ್ತು. ಇವರಿಗೆ ಯೂನಿಯನ್ ಇರಲಿಲ್ಲ. ಜಮೀನಿಗೆ ಐದಾರು ಜನ, ಅವರೂ ಆರು ತಿಂಗಳಿಗೆ ಬೇರೆ ಬೇರೆ, ಸಂಘ ಕಟ್ಟೋದು ಹೇಗೆ? ಜೋ ಡಂಕನ್ ಗಟ್ಟಿಯಾದ ಒಂದು ಸಂಘ ಕಟ್ಟಿದ್ದು 1912ರಲ್ಲಿ, ರಾಣಿ ಸತ್ತು ಹನ್ನೊಂದು ವರ್ಷ ಆದಮೇಲೆ. ಅಲ್ಲಿಯವರೆಗೆ ಬಿಟ್ಟು ಹೋಗೋದೇ ಇವರ ಮುಷ್ಕರ.

ಇನ್ನೊಂದು ಆಯುಧ ಹಾಡು. ರಾತ್ರಿ ಚಾಮರ್‌ನಲ್ಲಿ ಪೆಟ್ಟಿಗೆ ಮೇಲೆ ಕೂತು ಹಾಡ್ತಿದ್ದ ಹಾಡುಗಳಲ್ಲಿ ಜಮೀನಿನ ಹೆಸರು, ಕೆಲವೊಮ್ಮೆ ರೈತನ ಹೆಸರು, ಕುದುರೆ ಹೇಗಿದೆ, ಊಟ ಹೇಗಿದೆ, ಎಷ್ಟು ಗಂಟೆಗೆ ಎಬ್ಬಿಸ್ತಾರೆ, ಎಲ್ಲ ಇರ್ತಿತ್ತು. ಹಂಟ್ಲಿ ಹತ್ತಿರದ ಡ್ರಮ್‌ಡೆಲ್ಗಿ ನಿಜವಾದ ಜಮೀನು. ಅದರ ಹೆಸರಿನ ಹಾಡು ಇವತ್ತಿಗೂ ಹಾಡ್ತಾರೆ. ಆಳುಗಳು ಆರು ತಿಂಗಳಿಗೊಮ್ಮೆ ಜಾಗ ಬದಲಿಸೋದರಿಂದ ಹಾಡೂ ಅವರ ಜತೆ ಊರೂರಿಗೆ ಹೋಗ್ತಿತ್ತು. ಗ್ಲಾಸ್‌ಡೋರ್ ರಿವ್ಯೂ ಅನ್ನಿ, ಆದರೆ ಡಿಲೀಟ್ ಮಾಡಿಸೋಕೆ ಆಗದ ರಿವ್ಯೂ. 20ನೇ ಶತಮಾನದ ಆರಂಭದಲ್ಲಿ ಗ್ಯಾವಿನ್ ಗ್ರೆಗ್ ಎಂಬ ಶಾಲಾ ಮೇಷ್ಟ್ರು, ಜೇಮ್ಸ್ ಡಂಕನ್ ಎಂಬ ಪಾದ್ರಿ ಸೇರಿ ಆ ಸೀಮೆಯಲ್ಲಿ ಹಾಡು ಬರೆದುಕೊಳ್ಳೋಕೆ ಹೊರಟರು, 3,000ಕ್ಕೂ ಹೆಚ್ಚು ಸಿಕ್ಕವು. ಇಬ್ಬರೂ ತೀರಿಹೋಗಿ ಎಷ್ಟೋ ಕಾಲವಾದ ಮೇಲೆ, 1981ರಿಂದ 2002ರ ನಡುವೆ, ಎಂಟು ಸಂಪುಟಗಳಲ್ಲಿ ಅವು ಅಚ್ಚಾದವು.

ದೊಡ್ಡ ರೈತರಿಗೂ ಪಾದ್ರಿಗಳಿಗೂ ಈ ಸಂತೆ ಕಣ್ಣುರಿ. ಕುಡಿತ, ಗಲಾಟೆ ಅಂತ ದೂರು. ಸಂತೆ ನಿಲ್ಲಿಸಿ ನೋಂದಣಿ ಕಚೇರಿ ತೆರೆಯೋಣ, ಹಿಂದಿನ ಮಾಲೀಕನಿಂದ ಗುಣಪತ್ರ ಬರೆಸಿ ತರಲಿ ಅಂತ ಪ್ರಯತ್ನಿಸಿದರು. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್! ಆಳುಗಳು ಸೊಪ್ಪು ಹಾಕಲಿಲ್ಲ. ರೈತ ನಮ್ಮ ಬಗ್ಗೆ ಬರೀತಾನೆ ಅಂದ್ರೆ ನಾವು ರೈತನ ಬಗ್ಗೆ ಎಲ್ಲಿ ಬರೀಬೇಕು? ಸಂತೆ 20ನೇ ಶತಮಾನದವರೆಗೂ ನಡೀತು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಚೆಂದದ ಗೆಲುವಿನ ಕಥೆ. ಪುಣೆಗೆ ವಾಪಸ್ ಬಂದ ಮೇಲೂ ಓದ್ತಾ ಹೋದೆ. ಆಗ ಕಾಡಿದ ಪ್ರಶ್ನೆ: ಈ ಬಾಗಿಲು ಯಾರಿಗೆ ತೆರೀತಿತ್ತು?

ಅಡುಗೆಮನೆಯ ಹುಡುಗಿಯನ್ನು ನೋಡಿ. ಅವಳೂ ಆರು ತಿಂಗಳ ಕರಾರಿನವಳೇ. ಎಲ್ಲರಿಗಿಂತ ಮುಂಚೆ ಎದ್ದು ಒಲೆ ಹೊತ್ತಿಸಬೇಕು. ಗಂಜಿ, ರೊಟ್ಟಿ, ಹಾಲು ಕರೆಯೋದು, ಬೆಣ್ಣೆ ಕಡೆಯೋದು, ಕೋಳಿ, ಬಟ್ಟೆ, ಯಜಮಾನಿಯ ಮಕ್ಕಳು. ಸುಗ್ಗಿ ಬಂದರೆ ಕುಡುಗೋಲು ಬೀಸೋ ಗಂಡಸಿನ ಹಿಂದೆ ಬಗ್ಗಿಕೊಂಡು ಸಿವುಡು ಕೂಡಿಸೋದೂ ಅವಳೇ. ಗಂಡಾಳಿಗೆ ಎಂಟು ಗಂಟೆಗೆ ದಿನ ಮುಗೀತಿತ್ತು. ಇವಳಿಗೆ ಮುಗೀತಿತ್ತು ಅಂತ ಹೇಳೋ ಗಡಿಯಾರವೇ ಇರಲಿಲ್ಲ. ಮೊದಲೆಲ್ಲ ರೈತನ ಮನೆಯವರೂ ಆಳುಗಳೂ ಒಂದೇ ಮೇಜಿಗೆ ಕೂತು ಉಣ್ಣೋರು. ದನದ ದುಡ್ಡು ಬಂದ ಮೇಲೆ ಒಳಮನೆ ಬೇರೆ ಆಯಿತು, ಪಿಂಗಾಣಿ ಬಂತು, ಮಗಳಿಗೆ ಪಿಯಾನೋ ಬಂತು. ಆ ಪಿಂಗಾಣಿ ತೊಳೆಯೋದೂ ಇದೇ ಹುಡುಗಿ. ಈ ಬದಲಾವಣೆಯ ರುಚಿ ಬೇಕಾದವರು ವಿಲಿಯಂ ಅಲೆಕ್ಸಾಂಡರ್ ಬರೆದ ‘ಜಾನಿ ಗಿಬ್ ಆಫ್ ಗುಶೆಟ್‌ನ್ಯೂಕ್’ ನೋಡಬೇಕು. ಹೊಲದ ಕೆಲಸದಲ್ಲೇ ಬೆಳೆದು, ಅಪಘಾತದಲ್ಲಿ ಕಾಲು ಕಳೆದುಕೊಂಡ ಮೇಲೆ ಪತ್ರಕರ್ತನಾದವನು ಆತ. 1871ರಲ್ಲಿ ಪುಸ್ತಕವಾಗಿ ಬಂತು. ಅದರ ಮಾತುಕತೆಯೆಲ್ಲ ಅಬರ್ಡೀನ್‌ಶೈರ್ ಆಡುಮಾತು, ನನಗೆ ಅರ್ಧ ಅರ್ಥ ಆಗಲಿಲ್ಲ ಅಂತ ಒಪ್ಕೋತೀನಿ.

ಸ್ಕಾಟ್ಲೆಂಡಿನಲ್ಲಿ ಜನನ ಮರಣ ನೋಂದಣಿ ಕಡ್ಡಾಯ ಆದದ್ದು 1855ರಲ್ಲಿ. ಅಂಕಿ ಹೊರಬಂದ ಕೂಡಲೇ ದೇಶವೇ ಗಾಬರಿಯಾಯಿತು. ಬ್ಯಾನ್ಫ್‌ಶೈರ್‌ನಲ್ಲಿ ಸುಮಾರು ಆರೇಳು ಮಕ್ಕಳಲ್ಲಿ ಒಂದು ಮದುವೆಯಿಲ್ಲದೆ ಹುಟ್ಟಿದ್ದು. ಬೈಬಲ್ ಓದೋ, ಚರ್ಚಿಗೆ ತಪ್ಪದೆ ಹೋಗೋ ಸೀಮೆಯಲ್ಲಿ! ಪಾದ್ರಿಗಳು ತಕ್ಷಣ ಕಾರಣ ಕಂಡುಹಿಡಿದರು: ಬಾಥಿ. ಹುಡುಗರನ್ನು ಹೇಳೋರು ಕೇಳೋರು ಇಲ್ಲದೆ ಬಿಟ್ಟರೆ ಇನ್ನೇನಾಗುತ್ತೆ ಅಂತ. ತಮಾಷೆ ಅಂದ್ರೆ ಬಾಥಿಗಳಿದ್ದ ಜಿಲ್ಲೆಗಳಿಗಿಂತ ಆಳುಗಳು ರೈತನ ಅಡುಗೆಮನೆಯಲ್ಲೇ ಉಣ್ಣುತ್ತಿದ್ದ ಈಶಾನ್ಯದಲ್ಲೇ ಈ ಸಂಖ್ಯೆ ಹೆಚ್ಚು.

ನಿಜವಾದ ಕಾರಣ ಉಪದೇಶದಿಂದ ಸರಿಹೋಗೋದಲ್ಲ. ಈ ಸೀಮೆಯ ರೈತನಿಗೆ ಬೇಕಿದ್ದದ್ದು ಒಂಟಿ ಆಳು. ಸಂಸಾರಸ್ಥ ಆಳಿಗೆ ಮನೆ ಕಟ್ಟಿಸಿಕೊಡೋದು ದುಡ್ಡಿನ ದಂಡ. ಮನೆಯೇ ಇಲ್ಲ ಅಂದ್ರೆ ಮದುವೆ ಎಲ್ಲಿ? ಹುಡುಗ ಹುಡುಗಿ ಒಂದೇ ವಠಾರದಲ್ಲಿ ಆರು ತಿಂಗಳು, ಟರ್ಮ್ ದಿನ ಅವನ ಪೆಟ್ಟಿಗೆ ಒಂದು ದಿಕ್ಕಿಗೆ, ಇವಳ ಪೆಟ್ಟಿಗೆ ಇನ್ನೊಂದು ದಿಕ್ಕಿಗೆ. ಬಸುರಿ ಅಂತ ಗೊತ್ತಾಗೋ ಹೊತ್ತಿಗೆ ಅವನು ಮೂರು ಪ್ಯಾರಿಷ್ ಆಚೆ. ಅವನಿಗೆ ಬಿಟ್ಟು ಹೋಗೋದು ಸ್ವಾತಂತ್ರ್ಯ. ಅವನು ಬಿಟ್ಟು ಹೋದದ್ದು ಇವಳಿಗೆ ಏನು?

ಎಲ್ಲರೂ ಓಡಿಹೋದರು ಅಂತಲ್ಲ. ಎಷ್ಟೋ ಜನ ಒಪ್ಪಿಕೊಂಡರು, ಆಮೇಲೆ ಮದುವೆಯಾದವರೂ ಇದ್ದಾರೆ. ಆದರೆ ಕಾಯಿದೆ ಹೀಗಿತ್ತು: ತಂದೆ ತಾನೇ ಬಂದು ತಾಯಿಯ ಜತೆ ಸಹಿ ಹಾಕಿದರೆ ಮಾತ್ರ ಜನನ ದಾಖಲೆಯಲ್ಲಿ ಅವನ ಹೆಸರು. ಇಲ್ಲದಿದ್ದರೆ ಆ ಜಾಗ ಖಾಲಿ. ಮಗುವಿನ ಹೆಸರಿನ ಕೆಳಗೆ ಮಾತ್ರ ಅಕ್ರಮ ಸಂತಾನ ಅನ್ನೋ ಪದವನ್ನು ಸ್ಪಷ್ಟವಾಗಿ ಬರೀತಿದ್ದರು. ಆಮೇಲೆ ಚರ್ಚಿನ ಹಿರಿಯರ ಪಂಚಾಯ್ತಿ ಮುಂದೆ ನಿಂತು ತಪ್ಪೊಪ್ಪಿಗೆ. ಮಗುವನ್ನು ಸಾಕಿದ್ದು ಬಹಳ ಸಲ ಹುಡುಗಿಯ ಅಪ್ಪ ಅಮ್ಮ, ತಮ್ಮ ತುಂಡು ಭೂಮಿಯ ಕ್ರಾಫ್ಟ್ ಮನೆಯಲ್ಲಿ. ಅವರು ಹೊರಗೆ ಹಾಕಲಿಲ್ಲ, ಇದು ಆ ಸೀಮೆಯ ದೊಡ್ಡತನ. ಮಗು ಬೆಳೆದರೆ ದನ ಕಾಯೋಕೆ ಒಂದು ಕೈ ಆಗುತ್ತೆ, ಅದೂ ಇತ್ತು. ತಾಯಿ ಮಗುವನ್ನು ಅಲ್ಲಿ ಬಿಟ್ಟು ಮುಂದಿನ ಟರ್ಮಿಗೆ ಮತ್ತೆ ಸಂತೆಯಲ್ಲಿ ನಿಲ್ಲಬೇಕು, ಇನ್ನೊಬ್ಬರ ಮಕ್ಕಳಿಗೆ ಗಂಜಿ ಬೇಯಿಸೋಕೆ.

ಇದನ್ನು ಓದ್ತಾ ಇದ್ದಾಗ ನಮ್ಮ ಫ್ಲ್ಯಾಟಿನ ಅಡುಗೆಮನೆಯಿಂದ ನನ್ನ ಮಗಳಿಗೆ ಊಟ ಮಾಡಿಸೋ ತಾಯಿಯ ದನಿ ಕೇಳ್ತಿತ್ತು. ಮೂರು ವರ್ಷದಿಂದ ನಮ್ಮ ಮನೆಯಲ್ಲಿದ್ದಾರೆ. ಅವರ ಮಗ ಊರಲ್ಲಿ ಅಜ್ಜಿ ಹತ್ತಿರ ಇದ್ದಾನೆ ಅಂತ ಗೊತ್ತಿತ್ತು. ಅವನ ಹೆಸರು ಗೊತ್ತಿರಲಿಲ್ಲ. ಆ ದಿನ ಕೇಳಿದೆ.

ಗಂಡಾಳಿಗೂ ಬಾಗಿಲು ಮದುವೆಯವರೆಗೆ ಮಾತ್ರ. ಆಮೇಲೆ ದಾರಿ ಮೂರೋ ನಾಲ್ಕೋ. ಗುಡ್ಡದ ಪಕ್ಕದ ಬೀಳು ಭೂಮಿ ಗೇಣಿಗೆ ಹಿಡಿದು, ಕಲ್ಲು ಆರಿಸಿ, ಹೊಲ ಮಾಡಿ ಕ್ರಾಫ್ಟರ್ ಆಗೋದು. ಹೊಲ ಹದಕ್ಕೆ ಬರೋ ಹೊತ್ತಿಗೆ ಕರಾರು ಮುಗಿದು ಗೇಣಿ ಏರ್ತಿತ್ತು. ಇಲ್ಲ ಪೇಟೆಗೆ ಹೋಗಿ ಗಾಡಿ ಹೊಡೆಯೋದು, ಪೊಲೀಸ್ ಸೇರೋದು. ಇಲ್ಲ ಕೆನಡಾ. ಆಗ್ನೇಯದ ಲೋಥಿಯನ್ ಕಡೆ ಸಂಸಾರಸ್ಥ ಆಳಿಗೆ ಮನೆ ಸಿಗ್ತಿತ್ತು ನಿಜ, ಆದರೆ ಶರತ್ತು ಏನು ಗೊತ್ತಾ? ಹೊಲದ ಕೆಲಸಕ್ಕೆ ಒಬ್ಬ ಹೆಣ್ಣಾಳನ್ನೂ ಅವನೇ ಒದಗಿಸಬೇಕು. ಹೆಂಡತಿಯೋ ಮಗಳೋ ಇಲ್ಲದಿದ್ದರೆ ತಾನೇ ಸಂಬಳ ಕೊಟ್ಟು ಒಬ್ಬಳನ್ನು ಇಟ್ಟುಕೊಳ್ಳಬೇಕು. ಅವಳಿಗೆ ಬಾಂಡೇಜರ್ ಅಂತ ಹೆಸರು. ಆಳಿಗೊಂದು ಆಳು.

ನನ್ನ ಮಗಳೀಗ ಮೂರನೇ ಕ್ಲಾಸು. ಹೋದ ವರ್ಷ ಹೈದರಾಬಾದಿನಿಂದ ಒಳ್ಳೇ ಆಫರ್ ಬಂದಿತ್ತು. ಸ್ಕೂಲು, ಹೋಮ್ ಲೋನು, ಹೆಂಡತಿಯ ಕೆಲಸ ಎಲ್ಲ ಲೆಕ್ಕ ಹಾಕಿ ಬೇಡ ಅಂದೆ. ಇಪ್ಪತ್ತೈದರಲ್ಲಿ ಹೀಗೆ ಲೆಕ್ಕ ಹಾಕಿದವನಲ್ಲ ನಾನು.

ಈಗಲೂ ಕೆಲವು ರಾತ್ರಿ ಆ ಕಾಲದ ಜನಗಣತಿಯ ಪುಟಗಳನ್ನು ಆನ್‌ಲೈನ್‌ನಲ್ಲಿ ತೆರೆದು ನೋಡ್ತೀನಿ. 1881ರ ಪುಟದಲ್ಲಿ ರೈತ, ಇಷ್ಟು ಎಕರೆ, ಇಷ್ಟು ಆಳು ಅಂತ ಮೊದಲ ಸಾಲು. ಕೆಳಗೆ ಹೆಂಡತಿ, ಮಕ್ಕಳು. ಅದರ ಕೆಳಗೆ ಒಂದರ ಹಿಂದೆ ಒಂದು ಸೇವಕ, ಸೇವಕ, ಸೇವಕಿ. ಸ್ಕಾಟ್ಲೆಂಡಿನ ಜನಗಣತಿಯಲ್ಲಿ 1861ರಿಂದ ಒಂದು ವಿಚಿತ್ರ ಅಂಕಣ ಇದೆ: ಕಿಟಕಿ ಇರೋ ಕೋಣೆ ಎಷ್ಟು. ಇನ್ನೊಂದು ಅಂಕಣ ಹುಟ್ಟಿದ ಊರು. ರೈತನ ಮಕ್ಕಳೆಲ್ಲ ಒಂದೇ ಪ್ಯಾರಿಷ್. ಆಳುಗಳದ್ದು ಒಬ್ಬೊಬ್ಬರದ್ದು ಒಂದೊಂದು. ಗಣತಿ ನಡೆದದ್ದು ಏಪ್ರಿಲ್ ಮೊದಲಲ್ಲಿ. ಎಂಟು ವಾರ ಕಳೆದಿದ್ದರೆ ಆ ಪುಟದ ಕೆಳಗಿನ ಅರ್ಧ ಹೆಸರು ಬೇರೆಯೇ ಇರ್ತಿತ್ತು.

ಯಾಕಂದ್ರೆ ಮೇ ಕೊನೆಗೆ ಟರ್ಮ್ ದಿನ. ರೈತ ಆರು ತಿಂಗಳ ಸಂಬಳ ಎಣಿಸಿ ಕೊಡ್ತಾನೆ. ಪೆಟ್ಟಿಗೆ ಗಾಡಿಗೆ ಏರುತ್ತೆ. ಸಂಜೆ ಹೊಸ ಜಾಗ ಸೇರಿ, ಹಾಸಿಗೆ ಚೀಲಕ್ಕೆ ಹೊಸ ಹೊಟ್ಟು ತುಂಬಿ, ಪೆಟ್ಟಿಗೆಯನ್ನು ಮಂಚದ ಮುಂದೆ ಎಳೆದಿಟ್ಟು, ಪಕ್ಕದಲ್ಲಿ ಮಲಗೋನ ಹೆಸರೇನು ಅಂತ ಕೇಳಿ ಮಲಗ್ತಾನೆ. ಬೆಳಗ್ಗೆ ಐದಕ್ಕೆ ಎದ್ದು ಲಾಯಕ್ಕೆ ಹೋಗಿ, ಇನ್ನೂ ತನ್ನ ದನಿ ಗೊತ್ತಿಲ್ಲದ ಎರಡು ಕುದುರೆಗಳ ಮುಂದೆ ಮೇವು ಹಾಕಬೇಕು.